ಮೇಯರ್ ಎದುರು ನಿಂತೇ ಇದ್ದೆವು

ಹೊರಡುವ ಮುಂಚೆ, ಊರಿನಲ್ಲಿ

ಜರ್ಮನಿಗೆ ಹೋಗಿಬಂದೆ ಎಂದರೆ ನಮ್ಮ ಕಡೆಯವರು ಮೊದಲು ಕೇಳುವುದು ಅಲ್ಲಿ ಊಟಕ್ಕೆ ಏನು ಮಾಡಿದಿರಿ ಅಂತ. ಆಮೇಲೆ, ಚಳಿ ಹೇಗಿತ್ತು ಅಂತ. ಯಾಕೆ ಹೋಗಿದ್ದಿರಿ ಎಂದು ಕೇಳಿದವರು ಬಹಳ ಕಡಿಮೆ. ಅದಕ್ಕೇ ಯಾರೂ ಕೇಳದ ಆ ಪ್ರಶ್ನೆಯಿಂದ ಶುರು ಮಾಡುತ್ತಿದ್ದೇನೆ. ಊಟದ ವಿಚಾರವೂ ಬರುತ್ತದೆ, ಸ್ವಲ್ಪ ತಡೆದುಕೊಳ್ಳಿ.

ನಾನು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಶಾಲೆಗೆ ಬರುವ ರಸ್ತೆಯ ಎರಡೂ ಕಡೆ ಆಗ ಹಳೆಯ ಹುಣಸೆ ಮರಗಳಿದ್ದವು. ಸುತ್ತಲ ಹಳ್ಳಿಗಳ ಮಕ್ಕಳು ಆ ನೆರಳಿನಲ್ಲೇ ನಡೆದು ಬರುತ್ತಿದ್ದರು. ಅರ್ಧಕ್ಕರ್ಧ ಮಕ್ಕಳ ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿ ಆಗಷ್ಟೇ ಪತ್ರಿಕೆಗಳಲ್ಲಿ ಬರಲು ಶುರುವಾಗಿತ್ತು. ಒಂದು ದಿನ ಅದನ್ನು ತರಗತಿಯಲ್ಲಿ ಓದಿ ಹೇಳಿದೆ. ಒಂಬತ್ತನೇ ತರಗತಿಯ ಮುನಿಲಕ್ಷ್ಮಿ ಎದ್ದು, "ನಮ್ಮೂರು ಎಷ್ಟು ಬಿಸಿ ಆಗೈತೆ ಮಿಸ್? ನೋಡಾಣ್ವಾ?" ಎಂದಳು. ಅವಳ ಅಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ಪಾಳಿಯ ಮೇಲೆ ಇಳಿಯುವವನು. ನೆಲದಡಿಯ ಸೆಕೆ ಎಂಥದ್ದು ಎಂದು ಮನೆಯಲ್ಲೇ ಕೇಳಿ ಬೆಳೆದ ಹುಡುಗಿ.

ಲ್ಯಾಬಿನ ಥರ್ಮಾಮೀಟರ್ ತೆಗೆದುಕೊಂಡು ಹೊರಟೆವು. ಮರದ ಕೆಳಗೆ ಒಂದು ಸಲ, ಬಯಲು ರಸ್ತೆಯಲ್ಲಿ ಒಂದು ಸಲ, ಬೆಳಿಗ್ಗೆ, ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ. ನೆರಳಿಗೂ ಬಿಸಿಲಿಗೂ ಇಷ್ಟು ಅಂತರ ಇರುತ್ತದೆ ಎಂದು ನನಗೇ ತಿಳಿದಿರಲಿಲ್ಲ. ಮಕ್ಕಳು ಒಂದು ಗುಂಪು ಕಟ್ಟಿಕೊಂಡರು, ಅದಕ್ಕೆ ನೆರಳಿನ ಸಂಘ ಎಂದು ಹೆಸರೂ ಇಟ್ಟುಕೊಂಡರು.

ಅಷ್ಟರಲ್ಲಿ ಬಂತು ಸುದ್ದಿ, ರಸ್ತೆ ಅಗಲ ಮಾಡಲು ಮರ ಕಡಿಯುತ್ತಾರಂತೆ ಅಂತ. ಆಗ ಮಂಡಲ ಪಂಚಾಯಿತಿಗಳ ಕಾಲ, ಪಂಚಾಯಿತಿಯ ಅಧ್ಯಕ್ಷರನ್ನು ಪ್ರಧಾನರು ಎನ್ನುತ್ತಿದ್ದರು. ನಮ್ಮ ಪ್ರಧಾನರು ಬಾವುಟ ಹಾರಿಸಲು ಶಾಲೆಗೆ ಬಂದಿದ್ದಾಗ ಮುನಿಲಕ್ಷ್ಮಿ ಎಲ್ಲರ ಮುಂದೆ ಕೇಳಿಬಿಟ್ಟಳು: "ಮರ ಕಡಿಯಾಕ್ ಮೊದ್ಲು ನಮ್ಮನ್ನೂ ಒಂದ್ ಮಾತು ಕೇಳಿ ಸಾರ್." ಪ್ರಧಾನರು ಹೊಟ್ಟೆ ತುಂಬ ನಕ್ಕರು. "ನೀವು ಗಿಡಕ್ಕೆ ನೀರಾಕ್ಕೊಂಡಿರ್ರಮ್ಮ, ಮರದ ಇಸ್ಯ ನಾವ್ ನೋಡ್ಕೊಂತೀವಿ" ಎಂದರು. ಸಭೆಯೆಲ್ಲ ನಕ್ಕಿತು, ನಮ್ಮ ಮೇಷ್ಟ್ರುಗಳೂ ನಕ್ಕರು. ಪ್ರಧಾನರು ಕೆಟ್ಟವರೇನಲ್ಲ. ಊರಲ್ಲಿ ಯಾರಿಗೆ ಕಾಯಿಲೆಯಾದರೂ ಕೇಳದೆ ಟ್ರಾಕ್ಟರ್ ಕಳಿಸುವ ಮನುಷ್ಯ. ಆದರೆ ಆ ನಗು ಹುಡುಗಿಗೆ ನಾಟಿತು. ಥರ್ಮಾಮೀಟರ್ ಹಿಡಿಯುತ್ತಿದ್ದಳು, ಕೆಲಸ ಬಿಡಲಿಲ್ಲ. ಜನ ಸೇರಿದ ಕಡೆ ಬಾಯಿ ಬಿಡುವುದನ್ನು ಮಾತ್ರ ನಿಲ್ಲಿಸಿಬಿಟ್ಟಳು.

ಕೆಲವು ತಿಂಗಳ ನಂತರ ಹೆಲ್ಗಾ ಬಂದರು. ಜರ್ಮನಿಯ ಒಬ್ಬ ಕಲ್ಲಿದ್ದಲು ಗಣಿಯವನ ಹೆಂಡತಿ, ಗಂಡ ತೀರಿಹೋಗಿದ್ದ. ಬೇರೆ ದೇಶದ ಗಣಿಯೂರುಗಳನ್ನು ನೋಡಬೇಕೆಂದು ಮಾರಿಕುಪ್ಪಂಗೆ ಬಂದಿದ್ದವರು, ಹಳ್ಳಿ ನೋಡಲು ನಮ್ಮ ಕಡೆ ಕಾರಿನಲ್ಲಿ ಬರುವಾಗ ಮರದ ಕೆಳಗೆ ಮಕ್ಕಳನ್ನು ಕಂಡು ಇಳಿದರು. ತಮ್ಮ ಊರಿನಲ್ಲೂ ಹೀಗೇ ಒಂದು ಎಳೆಯರ ಗುಂಪಿದೆ, ಊರಿನ ಆಡಳಿತ ಅವರ ಸಲಹೆ ಕೇಳುತ್ತದೆ ಎಂದರು. ನಾನು ನಂಬಲಿಲ್ಲ. "ಬಂದು ನೋಡಿ" ಎಂದರು. ಅದು ಬಾಯಿಮಾತಿನ ಉಪಚಾರ ಎಂದುಕೊಂಡಿದ್ದೆ. ಅವರ ಊರಿನವರು ನಿಜಕ್ಕೂ ಕರೆಸಿಕೊಂಡರು, ನನ್ನನ್ನೂ, ಮುನಿಲಕ್ಷ್ಮಿಯನ್ನೂ.

ಮುನಿಲಕ್ಷ್ಮಿ ಬರುತ್ತೇನೆ ಎಂದಳು. ಆದರೆ ಒಂದು ಷರತ್ತು ಹಾಕಿದಳು: "ಅಲ್ಲಿ ಎದ್ದು ಮಾತಾಡು ಅಂತ ಮಾತ್ರ ಏಳ್ಬೇಡಿ ಮಿಸ್." ಮಾತಾಡಲೆಂದೇ ಕರೆದಿರುವಾಗ ಮಾತಾಡದ ಹುಡುಗಿಯನ್ನು ಸಮುದ್ರ ದಾಟಿಸಿಕೊಂಡು ಹೋಗುವುದು ನನ್ನ ಹಣೆಯಲ್ಲಿ ಬರೆದಿತ್ತು. ದಾರಿಯುದ್ದಕ್ಕೂ ನನಗೆ ಅದೇ ಚಿಂತೆ.

ಫ್ರಾಂಕ್‌ಫರ್ಟ್ ಸ್ಟೇಷನ್

ವಿಮಾನದಲ್ಲಿ ಏನೂ ಆಗಲಿಲ್ಲ. ಆದದ್ದೆಲ್ಲ ರೈಲಿನಲ್ಲಿ, ಸರಿಯಾಗಿ ಹೇಳಬೇಕೆಂದರೆ ರೈಲು ಹತ್ತದೆ ಇದ್ದದ್ದರಲ್ಲಿ.

ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಬಂದು ಮಾಡುವವರಿಗೆ ಗೊತ್ತು. ಗಾರ್ಡು ಹಸಿರು ಬಾವುಟ ತೋರಿಸಿದ ಮೇಲೂ ಯಾರಾದರೂ ಓಡಿ ಬರುತ್ತಿದ್ದರೆ ರೈಲು ಒಂದು ಗಳಿಗೆ ಮುಲುಗುತ್ತಾ ನಿಂತಿರುತ್ತದೆ. ಒಳಗಿದ್ದವರು ಕೂಗಿ ಕರೆಯುತ್ತಾರೆ, ಕೈ ಕೊಟ್ಟು ಎಳೆದುಕೊಳ್ಳುತ್ತಾರೆ. ಅದೇ ಭರವಸೆಯ ಮೇಲೆ ನಾವಿಬ್ಬರೂ ಬ್ಯಾಗು ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ನೀರು ಕುಡಿಯುತ್ತಿದ್ದೆವು. ಹೆಲ್ಗಾ ಊರಿಗೆ ಹೋಗುವ ರೈಲು ಎದುರಿಗೇ ಇತ್ತು. ಸೀಟಿ ಇಲ್ಲ, ಕೂಗಿಲ್ಲ. ಬಾಗಿಲು ಮುಚ್ಚಿಕೊಂಡು ಹೊರಟೇ ಹೋಯಿತು.

ಮುನಿಲಕ್ಷ್ಮಿ ಬಾಟಲಿಯನ್ನು ಬಾಯಿಂದ ತೆಗೆಯದೆ ನೋಡುತ್ತಿದ್ದಳು. "ನಮ್ಮನ್ನ ನೋಡ್ಲೇ ಇಲ್ವಾ ಮಿಸ್ ಅದು?" ಎಂದಳು. ನನಗೆ ಅಳುವೋ ನಗುವೋ ತಿಳಿಯಲಿಲ್ಲ. ಮುಂದಿನ ರೈಲು ಬರುವವರೆಗೆ ಅದೇ ಜಾಗದಲ್ಲಿ, ಬಾಗಿಲು ಬರುವ ಕಡೆಗೇ ಮುಖ ಮಾಡಿ, ಬ್ಯಾಗುಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದೆವು. ಪಕ್ಕದಲ್ಲಿದ್ದ ಒಬ್ಬ ಮುದುಕ ತನ್ನ ಬೆಂಚಿನಲ್ಲಿ ಜಾಗ ಬಿಟ್ಟು ಕೈ ತೋರಿಸಿದ. ನಾವು ಬೇಡ ಎಂದು ತಲೆಯಾಡಿಸಿದೆವು. ಅದೆಂಥ ಭಯವೋ, ಕೂತರೆ ಇನ್ನೊಂದು ರೈಲೂ ಹೋಗಿಬಿಡುತ್ತದೆ ಅನ್ನುವ ಹಾಗೆ.

ಹೆಲ್ಗಾ ತಮ್ಮ ಊರಿನ ಸ್ಟೇಷನ್ನಿನಲ್ಲಿ ಮೊದಲ ರೈಲಿಗೂ ಕಾದಿದ್ದರು, ಎರಡನೆಯದಕ್ಕೂ ಕಾದಿದ್ದರು. ಒಂದು ಮಾತು ಬೈಯಲಿಲ್ಲ. ಮುನಿಲಕ್ಷ್ಮಿಯ ತಣ್ಣಗಾದ ಕೈಯನ್ನು ತಮ್ಮ ಕೋಟಿನ ಜೇಬಿಗೆ ತುರುಕಿಕೊಂಡು ಮನೆತನಕ ನಡೆಸಿಕೊಂಡು ಹೋದರು. ಆ ಜೇಬನ್ನು ನೆನೆದರೆ ಈಗಲೂ ನನ್ನ ಮನಸ್ಸು ತುಂಬಿ ಬರುತ್ತದೆ.

ಹೆಲ್ಗಾ ಮನೆ

ಈಗ ಊಟದ ವಿಚಾರ. ನಾನು ರಾಗಿ ಹಿಟ್ಟು, ಹುರುಳಿಕಾಳು, ಸಾರಿನ ಪುಡಿ ಎಲ್ಲ ಹೊತ್ತುಕೊಂಡೇ ಹೋಗಿದ್ದೆ. ಎರಡನೆಯ ದಿನ ಹೆಲ್ಗಾ ಅಡುಗೆಮನೆಯಲ್ಲಿ ಮುದ್ದೆ ತೊಳಸಿದೆ. ಮುದ್ದೆ ಕೋಲಿಲ್ಲದೆ ಅವರ ಮರದ ಸೌಟೊಂದನ್ನು ಮುರಿದೆ. ಅದನ್ನು ಇಲ್ಲಿ ಬರೆಯದಿದ್ದರೆ ಮುನಿಲಕ್ಷ್ಮಿ ಊರೆಲ್ಲ ಹೇಳುತ್ತಾಳೆ. ಹೆಲ್ಗಾ ಮುದ್ದೆಯನ್ನು ತಟ್ಟೆಯ ನಡುವೆ ಇಟ್ಟುಕೊಂಡು, ಚಾಕುವಿನಲ್ಲಿ ಚೆಂದಾಗಿ ಹೋಳು ಮಾಡಿ, ಫೋರ್ಕಿಗೆ ಚುಚ್ಚಿ, ಅಗಿಯತೊಡಗಿದರು. ಅಗಿದರು, ಅಗಿದರು, ಅಗಿಯುತ್ತಲೇ ಇದ್ದರು.

"ಅಗೀಬಾರ್ದು, ನುಂಗ್ಬೇಕು ಅಂತ ಏಳಿ ಮಿಸ್, ಪಾಪ" ಎಂದು ಮುನಿಲಕ್ಷ್ಮಿ ಒದ್ದಾಡಿದಳು. ನಾನು ಹೇಳಿದೆ. ಹೆಲ್ಗಾ ಗಾಬರಿಯಿಂದ ನನ್ನ ಮುಖ ನೋಡಿದರು. ಅಗಿಯದೆ ನುಂಗಬೇಡ ಎಂದು ಅವರ ತಾಯಿ ಚಿಕ್ಕಂದಿನಿಂದ ಬೈದು ಬೈದು ಕಲಿಸಿದ್ದರಂತೆ. ಆದರೂ ಧೈರ್ಯ ಮಾಡಿ ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿದರು. ಗಂಟಲಿನ ಮೇಲೆ ಕೈ ಇಟ್ಟುಕೊಂಡು ಅದು ಕೆಳಗೆ ಹೋಗುವ ತನಕ ಸುಮ್ಮನಿದ್ದು, ಆಮೇಲೆ ಇನ್ನೊಂದು ತುತ್ತಿಗೆ ಕೈ ಹಾಕಿದರು. ಎಂಥ ಹೆಂಗಸು ಎಂದುಕೊಂಡೆ.

ಅವರ ಹಿತ್ತಿಲಿನಿಂದ ಒಂದು ಗುಡ್ಡ ಕಾಣುತ್ತಿತ್ತು. ಮೈತುಂಬ ಬಿಳಿ ತೊಗಟೆಯ ಮರಗಳು. ಅದು ಗುಡ್ಡವಲ್ಲ, ಗಣಿಯಿಂದ ತೆಗೆದು ಸುರಿದ ಕಸ ಎಂದು ಹೆಲ್ಗಾ ಹೇಳಿದಾಗ ಮುನಿಲಕ್ಷ್ಮಿ ನಂಬಲಿಲ್ಲ. ಬೇಲಿಯ ತನಕ ಹೋಗಿ ನೋಡಿಬಂದಳು. "ನಮ್ಮ ಸೈನೈಡ್ ದಿಬ್ಬದ ಮ್ಯಾಲೆ ಉಲ್ಲೂ ಉಟ್ಟಲ್ವಲ್ಲ ಮಿಸ್" ಎಂದಳು. ಚಿನ್ನ ತೆಗೆದ ಮೇಲೆ ಉಳಿದ ಆ ಬಿಳಿ ಪುಡಿ ಗಾಳಿ ಬೀಸಿದಾಗ ಕೋರಮಂಡಲ್‌ನ ಮನೆಗಳ ಅನ್ನದ ತಟ್ಟೆಯ ಮೇಲೂ ಬೀಳುತ್ತದೆ. ಇಲ್ಲಿ ಮರ ನೆಡಬೇಕೆಂದು ಯಾರು ಹೇಳಿದರು ಎಂದು ನಾನು ಕೇಳಿದೆ. "ಮಕ್ಕಳು" ಎಂದರು ಹೆಲ್ಗಾ, ಬಟ್ಟೆ ಒಣಗಿಸುತ್ತಾ. ಅದರಲ್ಲೇನು ವಿಶೇಷ ಎಂಬ ಹಾಗೆ.

ಗಣಿಯವರ ಸ್ನಾನದ ಮನೆ

ಗಣಿ ಮುಚ್ಚಿದ ಮೇಲೆ, ಗಣಿಯವರು ಸ್ನಾನ ಮಾಡುತ್ತಿದ್ದ ದೊಡ್ಡ ಕೋಣೆಯನ್ನು ಆ ಊರು ಎಳೆಯರಿಗೆ ಬಿಟ್ಟುಕೊಟ್ಟಿತ್ತು. ಗೋಡೆಗೆ ಇನ್ನೂ ಹಳೆಯ ಬಿಳಿ ಟೈಲುಗಳು. ಶಾಲೆಗಳಿಂದ ಆರಿಸಿ ಬಂದ ಹುಡುಗ ಹುಡುಗಿಯರು ಅಲ್ಲಿ ಸೇರುತ್ತಾರೆ. ಕುರ್ಚಿಯ ಮೇಲೆ ಕಾಲು ಮಡಚಿ ಕೂತವರು ಕೆಲವರು, ಮೇಜಿನ ಮೇಲೇ ಕೂತವರು ಕೆಲವರು. ಅವರ ಮುಂದಾಳು ಥಾಮಸ್ ಎಂಬ ಹುಡುಗ. ಅವನ ಪ್ಯಾಂಟು ಎರಡೂ ಮಂಡಿಯಲ್ಲಿ ಹರಿದಿತ್ತು. ಮುನಿಲಕ್ಷ್ಮಿ ನನ್ನ ಕಿವಿಯಲ್ಲಿ, "ಸೂಜಿದಾರ ನನ್ ಬ್ಯಾಗಲ್ಲೈತೆ ಮಿಸ್, ಕೊಡ್ಲಾ?" ಎಂದಳು. ತಡೆದೆ.

ಥಾಮಸ್ ತಮ್ಮ ಪದ್ಧತಿಯನ್ನು ಇಂಗ್ಲಿಷಿನಲ್ಲಿ ವಿವರಿಸಿದ. ಊರಿನ ಹೊಗೆ, ಕಲ್ಲಿದ್ದಲು, ಬಸ್ಸು, ಮರ, ಇವುಗಳ ಬಗ್ಗೆ ನಗರಸಭೆ ಏನು ಮಾಡುವುದಿದ್ದರೂ ಇವರ ಸಲಹೆ ಕೇಳಬೇಕು. ಸಲಹೆಯನ್ನು ಒಪ್ಪಲೇಬೇಕು ಅಂತಿಲ್ಲ. ಆದರೆ ಒಪ್ಪದಿದ್ದರೆ ಮೇಯರ್ ತಾವೇ ಈ ಕೋಣೆಗೆ ಬಂದು, ಯಾಕೆ ಒಪ್ಪಲಿಲ್ಲ ಎಂದು ಹೇಳಬೇಕು. ಬೇರೆ ಯಾರನ್ನೂ ಕಳಿಸುವಂತಿಲ್ಲ. ಅವತ್ತು ಮೇಯರ್ ಬರುತ್ತಿದ್ದದ್ದು ಅಂಥದ್ದೇ ಒಂದು 'ಇಲ್ಲ' ಹೇಳುವುದಕ್ಕೆ. ಊರಿನ ಈಜುಕೊಳದ ನೀರನ್ನು ಕಲ್ಲಿದ್ದಲು ಉರಿಸಿ ಬಿಸಿ ಮಾಡುತ್ತಾರೆ, ಚಳಿಗಾಲದಲ್ಲಿ ಅದನ್ನು ನಿಲ್ಲಿಸಿ ಎಂದು ಎಳೆಯರು ಕೇಳಿದ್ದರು.

ಮೇಯರ್ ಬಂದರು. ನರೆತ ಮೀಸೆ, ಒಂದು ಕಾಲು ಸ್ವಲ್ಪ ಕುಂಟು. ಹಿರಿಯರು ಬಂದರೆ ಏಳಬೇಕು, ಅವರು ಕೂತ್ಕೊಳ್ಳಿ ಅನ್ನುವ ತನಕ ಕೂರಬಾರದು. ಇದು ನಮಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ನಾವಿಬ್ಬರೂ ಥಟ್ಟನೆ ಎದ್ದು ನಿಂತೆವು. ದೂರದಿಂದ ಬಂದವರು ಎದ್ದದ್ದು ನೋಡಿ, ಏನೋ ಇದೆ ಎಂದು ಥಾಮಸ್ ಎದ್ದ. ಅವನನ್ನು ನೋಡಿ ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಎದ್ದರು. ಮೇಯರ್ ಬಾಗಿಲ ಬಳಿಯೇ ತಬ್ಬಿಬ್ಬಾದರು. ಆ ಕೋಣೆ ಎಳೆಯರದ್ದು, ಅವರು ಅಲ್ಲಿ ಅತಿಥಿ. ಮನೆಯವರು ಕೂರದೆ ಅತಿಥಿ ಕೂರುವುದುಂಟೇ? ಅವರೂ ನಿಂತರು.

ನಾವು ಅವರು ಹೇಳಲಿ ಎಂದು ಕಾದೆವು. ಅವರು ನಾವು ಕೂರಲಿ ಎಂದು ಕಾದರು. ಕಡೆಗೆ ಮೇಯರ್ ನಿಂತೇ ಮಾತು ಶುರು ಮಾಡಿದರು. ಒಬ್ಬ ಹುಡುಗಿ ಅದನ್ನು ನನಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು, ನಾನು ಮುನಿಲಕ್ಷ್ಮಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಹಳೆಯ ಗಣಿಯವರಿಗೆ ಎದೆಯಲ್ಲಿ ದೂಳು ತುಂಬಿದೆ, ಕೀಲು ಹಿಡಿದುಕೊಂಡಿದೆ, ಬಿಸಿನೀರಿನಲ್ಲಿ ಇಳಿದರೆ ಮಾತ್ರ ಅವರಿಗೆ ಕೈಕಾಲು ಆಡುತ್ತದೆ, ಆದ್ದರಿಂದ ನಿಲ್ಲಿಸಲಾರೆ ಎಂದರು. ಥಾಮಸ್‌ನ ಮುಖ ಕೆಂಪಾಯಿತು. ಆದರೂ ಬಿಡಲಿಲ್ಲ. ಗಣಿಯವರು ಬಾರದ ದಿನಗಳಲ್ಲಾದರೂ ಉರಿ ಕಡಿಮೆ ಮಾಡಬಹುದಲ್ಲ ಎಂದ. ಮೇಯರ್ ಯೋಚಿಸುತ್ತಾ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಾಯಿಸಿದರು. ನನ್ನ ಮಂಡಿಯೂ ಸೋತಿತ್ತು. ಇಷ್ಟು ಮುಂದುವರಿದ ದೇಶದಲ್ಲಿ ಸಭೆಯನ್ನು ನಿಂತುಕೊಂಡು ಮಾಡುತ್ತಾರಲ್ಲ, ಇದರಿಂದ ಆರೋಗ್ಯಕ್ಕೇನಾದರೂ ಲಾಭವಿರಬೇಕು ಎಂದು ನಾನು ಅಂದುಕೊಳ್ಳುತ್ತಿದ್ದೆ.

ಆಗ ಹೆಲ್ಗಾ ಕೇಕು ತೆಗೆದುಕೊಂಡು ಒಳಗೆ ಬಂದರು. "ಇದೇನು, ಎಲ್ಲರೂ ಯಾಕೆ ನಿಂತಿದ್ದೀರಿ?" ಎಂದರು. ಎಳೆಯರು ನಮ್ಮ ಕಡೆ ನೋಡಿದರು. ಮೇಯರ್ ಎಳೆಯರ ಕಡೆ ನೋಡಿದರು. ನಾನು ಮೇಯರ್ ಕಡೆ ನೋಡಿ, "ತಾವು ಇನ್ನೂ ಕೂರಲು ಹೇಳಲಿಲ್ಲವಲ್ಲ" ಎಂದೆ. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೇಯರ್ ಎಷ್ಟು ನಕ್ಕರೆಂದರೆ ಗೋಡೆ ಹಿಡಿದುಕೊಂಡರು. "ಕುಳಿತುಕೊಳ್ಳಿ, ದಯವಿಟ್ಟು ಎಲ್ಲರೂ ಕುಳಿತುಕೊಳ್ಳಿ" ಎನ್ನುತ್ತಾ ತಾವೇ ಧಡಕ್ಕನೆ ಕುರ್ಚಿಗೆ ಬಿದ್ದು ಕಾಲು ಚಾಚಿದರು. ಕೋಣೆಯೆಲ್ಲ ನಗು. ಮುನಿಲಕ್ಷ್ಮಿಯೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಆ ನಗುವಿನಲ್ಲಿ ಯಾರೂ ಯಾರನ್ನೂ ಚಿಕ್ಕವರನ್ನಾಗಿ ಮಾಡಲಿಲ್ಲ. ನಾವೆಲ್ಲ ಒಟ್ಟಿಗೆ ಬೆಪ್ಪರಾಗಿದ್ದೆವು.

ಕೇಕು ತಿನ್ನುತ್ತಿರುವಾಗ ಮುನಿಲಕ್ಷ್ಮಿ ನನ್ನ ಸೆರಗು ಎಳೆದಳು. "ಮಿಸ್, ಅವ್ರನ್ನ ಒಂದು ಕೇಳ್ಬೇಕು."

"ಕೇಳು" ಎಂದೆ, ಏನೂ ಆಗದವಳ ಹಾಗೆ.

ಅವಳು ಮೇಯರ್ ಕಡೆಗೇ ತಿರುಗಿ ಕನ್ನಡದಲ್ಲಿ ಕೇಳಿದಳು: "ಬ್ಯಾಡ ಅಂತ ಏಳಾಕೆ ಇಲ್ಲಿಗಂಟ ಯಾಕ್ ಬಂದ್ರಿ ಸಾರ್? ಅಲ್ಲೇ ಕುಂತು ಬ್ಯಾಡ ಅನ್ಬೋದಿತ್ತಲ್ಲ?"

ಮಾತು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಜರ್ಮನ್ ಭಾಷೆಗೆ ಹೋಗಿ ಮೇಯರನ್ನು ಮುಟ್ಟಿತು. ಅವರು ಕೇಕಿನ ತಟ್ಟೆ ಕೆಳಗಿಟ್ಟರು. ಅವರ ಉತ್ತರ ಅದೇ ದಾರಿಯಲ್ಲಿ ವಾಪಸು ಬಂತು. "ಅಲ್ಲಿ ಕೂತು ಇಲ್ಲ ಅನ್ನುವುದು ಸುಲಭ ಮಗಳೇ. ಇವರ ಮುಖ ನೋಡಿಕೊಂಡು ಅನ್ನುವುದು ಕಷ್ಟ. ಆ ಕಷ್ಟ ನನಗೆ ತಪ್ಪಬಾರದು ಅಂತಲೇ ಊರಿನವರು ಹೀಗೆ ಮಾಡಿದ್ದಾರೆ. ಎಷ್ಟೋ ಸಲ ಇಲ್ಲಿಗೆ ಬರಬೇಕಲ್ಲಾ ಎಂದು ನೆನೆದೇ ನಾನು ಹೂಂ ಅಂದುಬಿಟ್ಟಿದ್ದೇನೆ."

ನಮ್ಮ ಹುಡುಗಿ ಬಾಯಿ ಬಿಟ್ಟಿದ್ದಳು. ಕೇಳಿದ ಪ್ರಶ್ನೆಗೆ ಒಬ್ಬ ಊರಿನ ಯಜಮಾನ ತಟ್ಟೆ ಕೆಳಗಿಟ್ಟು ಉತ್ತರ ಕೊಟ್ಟಿದ್ದ. ಆ ಊರಿನ ಋಣ ನಮ್ಮ ಮೇಲೆ ಬಹಳ ಇದೆ, ಅದರಲ್ಲಿ ದೊಡ್ಡದು ಇದು.

ಮತ್ತೆ ನಮ್ಮ ರಸ್ತೆಯಲ್ಲಿ

ವಾಪಸು ಬರುವಾಗ ವಿಮಾನದಲ್ಲಿ ನಾನು ಮಲಗಿದ್ದೆ. ಮುನಿಲಕ್ಷ್ಮಿ ಎಬ್ಬಿಸಿದಳು. "ಮಿಸ್, ನಮ್ಮ ಪ್ರಧಾನ್ರನ್ನ ಮೀಟಿಂಗ್‌ನಲ್ಲಿ ಜಾಗ ಕೊಡಿ ಅಂತ ಕೇಳಾದ್ ಬ್ಯಾಡ. ಬ್ಯಾಡ ಅನ್ನಂಗಿದ್ರೆ ಬಂದು ಏಳಿ ಅಂತ ಅಷ್ಟೇ ಕೇಳಾಣ."

ಊರಿಗೆ ಬಂದ ಮೇಲೆ ಶಾಲೆಯಲ್ಲಿ ನಮಗೊಂದು ಸನ್ಮಾನ ಇಟ್ಟುಕೊಂಡಿದ್ದರು. ಹಾರ ಹಾಕಿದವರು ಪ್ರಧಾನರೇ. ಮುನಿಲಕ್ಷ್ಮಿ ಮೈಕಿನ ಮುಂದೆ ನಿಂತು ಕೇಳಿಯೇ ಬಿಟ್ಟಳು. ಮರದ ವಿಚಾರ ನೀವೇ ತೀರ್ಮಾನ ಮಾಡಿ ಸಾರ್, ಆದರೆ ಕಡಿಯುವುದಾದರೆ ಮೊದಲು ನೀವೇ ಬಂದು ನಮಗೆ ಯಾಕೆ ಅಂತ ಹೇಳಬೇಕು ಎಂದಳು. ದನಿ ನಡುಗುತ್ತಿತ್ತು, ಆದರೆ ಪೂರ್ತಿ ಹೇಳಿದಳು. "ಅಷ್ಟೇನಾ? ಬತ್ತೀನಿ ಬುಡು" ಎಂದರು ಪ್ರಧಾನರು, ಹಗುರಾಗಿ. ಸಭೆ ಚಪ್ಪಾಳೆ ತಟ್ಟಿತು.

ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ರಸ್ತೆಯ ಪಡುವಣ ಸಾಲಿನ ಮರಗಳನ್ನು ಕಡಿಯುವುದು. ಒಬ್ಬ ಮೆಂಬರು ಬಂದು ವಿಷಯ ತಿಳಿಸಿದರು. ಮಕ್ಕಳು ಕಾಫಿ ಕೊಟ್ಟು, "ಅವ್ರೇ ಬತ್ತೀನಿ ಅಂದಿದ್ರು ಸಾರ್" ಎಂದು ಕಳಿಸಿದರು. ಪ್ರಧಾನರು ಬರಲಿಲ್ಲ. ಒಂದು ವಾರ ಮದುವೆ, ಇನ್ನೊಂದು ವಾರ ಜ್ವರ, ಆಮೇಲೆ ಕೋಲಾರದಲ್ಲಿ ಕೆಲಸ. ಮೈಕಿನ ಮುಂದೆ ಮಾತು ಕೊಟ್ಟಾಗಿತ್ತು, ಹೇಳದೆ ಕಡಿಸುವ ಹಾಗಿಲ್ಲ. ಗರಗಸದವರು ಎರಡು ಸಲ ಬಂದು ಮರದ ಕೆಳಗೆ ಬೀಡಿ ಸೇದಿ ಹೋದರು. ನಾನು ಮಾತ್ರ ಒಳಗೊಳಗೇ ಹೆದರಿದ್ದೆ. ಅವರು ಬಾರದೆ ಕಡಿಸಿಬಿಟ್ಟರೆ ಈ ಹುಡುಗಿ ಇನ್ನು ಜನ್ಮದಲ್ಲಿ ಬಾಯಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಜೀಪು ಬಂತು. ಪ್ರಧಾನರು ಒಬ್ಬರೇ ಇಳಿದರು. ಮಕ್ಕಳೆಲ್ಲ ಮರದ ಕೆಳಗೇ ಸೇರಿದರು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಬಸ್ಸು ನಮ್ಮೂರಿಗಂಟ ಬರಾಕಿಲ್ಲ ಅಂತದೆ. ದಾರಿ ಸಾಲ್ದು" ಎಂದರು. "ಓದ್ ಮಳೇಲಿ ನಮ್ ತಮ್ಮನ್ ಸೊಸೆಗೆ ಎರಿಗೆ ನೋವು ಬಂತು. ಟ್ರಾಕ್ಟ್ರು ಕೆಸ್ರಲ್ಲಿ ಊತೋಯ್ತು. ಗಾಡೀಲಿ ಆಕ್ಕೊಂಡು ಬಂಗಾರಪೇಟೆಗೆ ಓಗೋ ಅಷ್ಟ್ರಲ್ಲಿ ಮಗು ಓಗ್ಬಿಡ್ತು. ಮರ ಕಡೀಬೇಕು ಅಂತ ನಂಗೂ ಆಸೆ ಇಲ್ಲ ಕಣ್ರಮ್ಮ. ಬಸ್ಸು ಬೇಕು."

ಈ ವಿಷಯ ನನಗೇ ತಿಳಿದಿರಲಿಲ್ಲ. ಮುನಿಲಕ್ಷ್ಮಿ ಕಣ್ಣು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಒಂದೇ ಸಾಲು ಸಾಕಾ ಸಾರ್?"

"ಒಂದ್ ಸಾಲು ಸಾಕು."

"ಅಂಗಾದ್ರೆ ಪಡುವಣದ್ದು ಬ್ಯಾಡ, ಮೂಡಣದ್ದು ತೆಗೀರಿ. ಬೆಳಿಗ್ಗೆ ನಾವು ಬರೋವಾಗ ರಸ್ತೆ ತಣ್ಣಗೇ ಇರ್ತದೆ. ಸಾಯಂಕಾಲ ಓಗೋವಾಗ ಕಾಲು ಸುಡಾದು. ಆವಾಗ ನೆರಳು ಬೀಳಾದು ಪಡುವಣ ಮರದ್ದು. ನಾವು ಅಳ್ದು ನೋಡಿದೀವಿ."

ಪ್ರಧಾನರು ಬಿಸಿಲ ಕಡೆ ನೋಡಿದರು, ಮರದ ಕಡೆ ನೋಡಿದರು, ಸಾಲಾಗಿ ನಿಂತಿದ್ದ ಬರಿಗಾಲುಗಳ ಕಡೆ ನೋಡಿದರು. "ಇದು ನಮಗ್ಯಾರ್ಗೂ ಒಳೀಲಿಲ್ವಲ್ಲ ಶಾರದಮ್ಮೋರೆ" ಎಂದು ನನಗೆ ಹೇಳಿದರು. ಮೂಡಣ ಸಾಲು ಹೋಯಿತು. ಆ ಮರಗಳು ಬಿದ್ದ ದಿನ ನಾವೆಲ್ಲ ಅತ್ತೆವು, ಸುಳ್ಳು ಯಾಕೆ ಹೇಳಲಿ. ಪಡುವಣ ಸಾಲು ಉಳಿಯಿತು, ಬಸ್ಸೂ ಬಂತು.

ಆ ಶುಕ್ರವಾರ ಪ್ರಧಾನರು ಜೀಪು ಹತ್ತಲು ಹೋದವರು ಅಲ್ಲೇ ನಿಂತು ಮುನಿಲಕ್ಷ್ಮಿಯನ್ನು ಕರೆದರು. "ಇನ್ಮುಂದೆ ತೀರ್ಮಾನ ಮಾಡಾಕ್ ಮುಂಚೇನೇ ಬತ್ತೀನಿ ಕಣಮ್ಮ. ಮಾಡಾದ್ಮೇಲೆ ನಿಮ್ ಮುಂದೆ ಬಂದು ಏಳಾದೈತಲ್ಲ, ಅದು ನನ್ ಕೈಲಾಗಲ್ಲ. ಇಷ್ಟು ದಿನ ಯಾಕ್ ಬರ್ಲಿಲ್ಲ ಅಂತೀಯ? ಅದ್ಕೇ." ಟವೆಲನ್ನು ಹೆಗಲ ಮೇಲೆ ಹಾಕಿಕೊಂಡರು. "ಕೆರೆ ಊಳೆತ್ತೋ ಇಸ್ಯ ಒಂದೈತೆ. ಯಾವಾಗ ಬರ್ಲಿ ಏಳು, ನಾಳೇನೇ ಬರ್ಲಾ?"

"ನಾಳೆ ನಮಗೆ ಲೆಕ್ಕದ ಪರೀಕ್ಷೆ ಸಾರ್" ಎಂದಳು ಮುನಿಲಕ್ಷ್ಮಿ. "ಸೋಮವಾರ ಬನ್ನಿ."

"ಆಗ್ಲಮ್ಮ" ಎಂದರು ಪ್ರಧಾನರು.